ಕಾರ್ಟನ್ ಬಾರ್‌ಕೋಡ್: ಬೀಪ್ ಬರುತ್ತೆ, ನಂಬರ್ ತಪ್ಪು

ತುಮಕೂರಿನ ವಸಂತನರಸಾಪುರದ ಗೋಡೌನ್. ತೆಂಗಿನೆಣ್ಣೆ ಕಾರ್ಟನ್ ಮೇಲಿನ ಐಟಿಎಫ್-14 ಕೋಡ್ (ಕಾರ್ಟನ್‌ಗೆ ಹಾಕುವ 14 ಅಂಕಿಯ ಬಾರ್‌ಕೋಡ್) ಸ್ಕ್ಯಾನ್ ಆದರೂ ಕೆಲವೊಮ್ಮೆ 14ರ ಬದಲು 10 ಅಂಕಿಯೇ ಬರುತ್ತಿತ್ತು. ಲೇಬಲ್ ಪ್ರಿಂಟರ್‌ನ ರಿಬ್ಬನ್ ಬದಲಿಸಿದೆ, ಹೆಡ್ ಒರೆಸಿದೆ, ಡಾರ್ಕ್‌ನೆಸ್ ಏರಿಸಿದೆ. ಡಾರ್ಕ್‌ನೆಸ್ ಜಾಸ್ತಿಯಾಗಿ ಗೆರೆಗಳು ಅಂಟಿಕೊಂಡವು, ಅಷ್ಟೇ. ಹೊಸ ಸ್ಕ್ಯಾನರ್ ಸುಮ್ನೆ ದಂಡ.

ಐಟಿಎಫ್‌ನಲ್ಲಿ ಸ್ಕ್ಯಾನರ್‌ನ ಬೆಳಕಿನ ಗೆರೆ ಓರೆಯಾಗಿ ಅರ್ಧ ಕೋಡ್ ದಾಟಿದರೂ ಅದನ್ನೇ ಪೂರ್ತಿ ಎಂದುಕೊಳ್ಳಬಹುದು. ಹಾಗಾಗಿ ಮೊದಲು ಸ್ಕ್ಯಾನರ್‌ನಲ್ಲಿ ಐಟಿಎಫ್ ಉದ್ದ 14ಕ್ಕೇ ಲಾಕ್ ಮಾಡಿದೆ. ತಪ್ಪು ನಂಬರ್ ಅಲ್ಲಿಗೇ ನಿಂತಿತು. ಆದರೆ ಕೆಲವು ಲೇಬಲ್ ಓದುತ್ತಲೇ ಇರಲಿಲ್ಲ.

ಆಮೇಲೆ ಲೇಬಲ್. ಕೋಡನ್ನು ಜಾಗಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ 'ಫಿಟ್ ಟು ಸೈಜ್' ಸೆಟ್ಟಿಂಗ್ ತೆಗೆದೆ, ನಿಜವಾದ ಕಳ್ಳ ಅದೇ. 203 ಡಿಪಿಐ (ಇಂಚಿಗೆ 203 ಡಾಟ್) ಪ್ರಿಂಟರ್‌ನಲ್ಲಿ ಸಣ್ಣ ಗೆರೆ 4 ಡಾಟ್, ದಪ್ಪ ಗೆರೆ 10 ಡಾಟ್, ಎತ್ತರ 32 ಮಿ.ಮೀ. ಎಡಬಲಕ್ಕೆ 5 ಮಿ.ಮೀ. ಖಾಲಿ. ಮೇಲೆ ಕೆಳಗೆ ಬೇರರ್ ಬಾರ್, ಅಂದ್ರೆ ಅಡ್ಡ ಪಟ್ಟಿ, ಗೆರೆಗಳಿಗೆ ತಾಗುವಂತೆ.