ಟ್ರ್ಯಾಕ್ಟರ್‌ಗೆ ಆಟಿಕೆ ಪಂಪು: ತೆಂಗಿನ ತೋಟದ ಕಳೆ ಮತ್ತು ನನ್ನ ಐದು ಸ್ಪ್ರೇಯರ್‌ಗಳು

ಕಳೆದ ಮುಂಗಾರಿನಲ್ಲಿ ನಮ್ಮ 28 ಎಕರೆ ತೆಂಗಿನ ತೋಟದ ಕಳೆಗೆ ಮೂರೇ ಬೆಳಗಿನಲ್ಲಿ ಔಷಧಿ ಹೊಡೆದು ಮುಗಿಸಿದೆ. ಇದ್ದವರು ನಾನು ಮತ್ತು ಮಿನಿ ಟ್ರ್ಯಾಕ್ಟರ್ ಓಡಿಸುವ ಹುಡುಗ, ಇಬ್ಬರೇ. ಪಕ್ಕದ ತೋಟದ ಯಜಮಾನರು ಎರಡು ವರ್ಷದಿಂದ ಬದುವಿನ ಮೇಲೆ ನಿಂತು, "ಟ್ರ್ಯಾಕ್ಟರ್ ಇಟ್ಟುಕೊಂಡು ಅದಕ್ಕೆ ಆಟಿಕೆ ಪಂಪು ಕಟ್ಟಿದ್ದೀರಲ್ಲ ಸ್ವಾಮಿ" ಎಂದು ನಗುತ್ತಿದ್ದರು. ಈ ಸಲ ನಗಲಿಲ್ಲ. ಆ ಸಂತೋಷಕ್ಕೇ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಜಂಭ ಕಂಡರೆ ಸಹಿಸಿಕೊಳ್ಳಿ.

ನಮ್ಮದು ತಿಪಟೂರು, ಅರಸೀಕೆರೆ ನಡುವಿನ ಕೆಂಪು ನೆಲ. ಸಾಲಿನಿಂದ ಸಾಲಿಗೆ 30 ಅಡಿ. ಬೋರ್‌ವೆಲ್ ನೀರು ಎಷ್ಟು ಗಡಸು ಎಂದರೆ ಕೊಡದ ತಳದಲ್ಲಿ ಸುಣ್ಣ ಕಟ್ಟುತ್ತದೆ. ಕಾಂಗ್ರೆಸ್ ಗಿಡ, ಗರಿಕೆ, ಜೇಕು, ಮುಟ್ಟಿದರೆ ಮುನಿ, ಎಲ್ಲವೂ ಉಂಟು. ರೋಟಾವೇಟರ್ ಹೊಡೆಸಿ ಎನ್ನುವವರಿಗೆ ಒಂದೇ ಉತ್ತರ: ಮೂರು ವರ್ಷ ಹೊಡೆಸಿದೆ, ಜೇಕಿನ ಗಡ್ಡೆಗಳನ್ನು ಕತ್ತರಿಸಿ ತೋಟದ ತುಂಬ ನಾನೇ ಬಿತ್ತಿದಂತಾಯಿತು.

ಮೊದಲ ಸ್ಪ್ರೇಯರ್ ನನ್ನದಲ್ಲ, ಕೂಲಿಯವರದು. ಮೂವರು ತಮ್ಮ 16 ಲೀಟರ್ ಬೆನ್ನಿನ ಪಂಪುಗಳನ್ನು ಹೊತ್ತು ಬಂದು ಐದಾರು ದಿನ ಹೊಡೆದರು. ಕೂಲಿ, ಊಟ, ಟೀ ಸೇರಿ ಒಂದು ಸುತ್ತಿಗೆ 12,000 ರೂಪಾಯಿಯ ಆಸುಪಾಸು. ಹದಿನೈದು ದಿನದ ಮೇಲೆ ನೋಡಿದರೆ ತೋಟ ಹುಲಿಯ ಮೈಯಂತೆ ಪಟ್ಟೆ ಪಟ್ಟೆ. ಪಂಪಿಗೆ ಇದ್ದದ್ದು ಹುಳುವಿಗೆ ಹೊಡೆಯುವ, ಶಂಕುವಿನ ಆಕಾರದಲ್ಲಿ ಚಿಮ್ಮುವ ನಾಜಲ್. ಅದನ್ನು ಬದಲಾಯಿಸಿ ಎಂದು ಹೇಳಲು ಆಗ ನನಗೂ ಗೊತ್ತಿರಲಿಲ್ಲ. ಅವರಿಗೆ ಬೈದೆ. ತಪ್ಪು ನನ್ನದಾಗಿತ್ತು.

ಎರಡನೆಯದು ಹಳೆಯ ಪೆಟ್ರೋಲ್ ಪವರ್ ಸ್ಪ್ರೇಯರ್, 4,500 ರೂಪಾಯಿಗೆ ಕೊಂಡದ್ದು. ತುಂಬಿದರೆ ಒಬ್ಬ ಮನುಷ್ಯ ಹೊತ್ತು ನಡೆಯುವ ಭಾರವಲ್ಲ ಅದು. ಎರಡನೇ ದಿನ ಆಳು ಬರಲಿಲ್ಲ, ಮೂರನೇ ದಿನ ಸೀಲ್ ಹೋಯಿತು. ಈಗ ಅಟ್ಟದ ಮೇಲಿದೆ.

ಆಮೇಲೆ ಬಂದದ್ದು ದೊಡ್ಡ ತಪ್ಪು. ಎಲ್ಲರೂ ಹೇಳಿದರು ಎಂದು ಪಿಟಿಓಗೆ, ಅಂದರೆ ಟ್ರ್ಯಾಕ್ಟರ್ ಎಂಜಿನ್ ತಿರುಗಿಸುವ ಹಿಂದಿನ ದಂಡಕ್ಕೆ, ಜೋಡಿಸುವ ಮೂರು ಪಿಸ್ಟನ್‌ನ ಭಾರಿ ಒತ್ತಡದ ಎಚ್‌ಟಿಪಿ ಪಂಪು, 100 ಮೀಟರ್ ಪೈಪು, ಎರಡು ಗನ್, ಚೌಕಟ್ಟು, ಡ್ರಮ್ಮು ಎಲ್ಲ ತಂದೆ. ನಲವತ್ತು ಸಾವಿರದ ಹತ್ತಿರ ಬಿತ್ತು. ಮೊದಲ ದಿನ ನೋಡಲು ಭಾರಿ ಚೆಂದ. ಗನ್ ಹಿಡಿದರೆ ಮೂವತ್ತು ಅಡಿ ದೂರಕ್ಕೆ ಹೊಗೆಯಂತೆ ಹೋಗುತ್ತದೆ, ಮಧ್ಯಾಹ್ನದೊಳಗೆ ಆರು ಎಕರೆ ಮುಗಿಯಿತು. ಮಾವಿನ ಮರಕ್ಕೂ ಅಡಿಕೆಯ ಗೊನೆಗೂ ಅಂಥ ಪಂಪು ಬೇಕು. ಕಳೆಗೆ ಆ ಹೊಗೆಯೇ ಶತ್ರು. ಮೀಟರಿನಲ್ಲಿ ಚದರ ಸೆಂಟಿಮೀಟರಿಗೆ 20 ಕೆಜಿ ಒತ್ತಡ ತೋರಿಸುತ್ತಿತ್ತು, ಕಳೆನಾಶಕಕ್ಕೆ ಬೇಕಾದದ್ದು ಎರಡು ಮೂರು ಕೆಜಿ. ಹನಿ ಸಣ್ಣದಾದಷ್ಟೂ ಗಾಳಿಯ ಪಾಲು.

ಗಾಳಿಯ ಪಾಲಾದದ್ದು ಎಲ್ಲಿಗೆ ಹೋಯಿತು ಎಂಬುದು ಎಂಟು ಹತ್ತು ದಿನದಲ್ಲಿ ತಿಳಿಯಿತು. ತೆಂಗಿನ ನಡುವೆ ನೆಟ್ಟಿದ್ದ ಎರಡು ವರ್ಷದ ಅಡಿಕೆ ಸಸಿಗಳಲ್ಲಿ ನಲವತ್ತಕ್ಕೂ ಹೆಚ್ಚು ಸುಳಿ ಹಳದಿಯಾಗಿ ಹೋದವು. ಬದುವಿನಾಚೆ ಪಕ್ಕದವರ ತೊಗರಿ ಸಾಲು ಮುದುಡಿತು. ಅವರು ಜಗಳ ಮಾಡಲಿಲ್ಲ. ಮನೆಗೆ ಬಂದು ಕಾಫಿ ಕುಡಿದು, "ನೀವೇ ಒಂದು ಲೆಕ್ಕ ಹೇಳಿ" ಎಂದರು. ಅದಕ್ಕಿಂತ ಜಗಳವೇ ಅಗ್ಗವಾಗುತ್ತಿತ್ತು. 8,000 ಕೊಟ್ಟೆ. ಈಚೆಗೆ ನಕ್ಕ ಯಜಮಾನರು ಇವರೇ, ನಗುವ ಹಕ್ಕು ಅವರಿಗಿತ್ತು ಎನ್ನಿ.

ಅದೇ ವರ್ಷ ಇನ್ನೊಂದು ಅನಾಹುತ. ಅಗಲ ಎಲೆಯ ಕಳೆಗೆ 2,4-ಡಿ ಹೊಡೆದ ಬ್ಯಾಟರಿ ಪಂಪನ್ನು ಎರಡು ಸಲ ನೀರಿನಲ್ಲಿ ತೊಳೆದು ಇಟ್ಟಿದ್ದೆ. ನನ್ನ ಹೆಂಡತಿ ಅದರಲ್ಲೇ ಹಿತ್ತಲಿನ ಟೊಮೆಟೊ ಗಿಡಗಳಿಗೆ ಬೇವಿನೆಣ್ಣೆ ಹೊಡೆದಳು. ಗಿಡಗಳೆಲ್ಲ ಹಗ್ಗದಂತೆ ತಿರುಚಿಕೊಂಡವು. ಅಂದಿನಿಂದ ಕಳೆಯ ಪಂಪಿಗೆ ಕೆಂಪು ಬಣ್ಣ ಬಳಿದಿದ್ದೇನೆ, ಅದು ಬೇರೆ ಯಾವ ಕೆಲಸಕ್ಕೂ ಹೋಗುವುದಿಲ್ಲ. ಮನೆಯಲ್ಲಿ ಆ ಟೊಮೆಟೊ ವಿಷಯ ಈಗಲೂ ಹಬ್ಬದ ದಿನ ಎದ್ದು ಬರುತ್ತದೆ.

ಡ್ರೋನ್ ಕೂಡ ತರಿಸಿದೆ, ಎಕರೆಗೆ ಐದಾರು ನೂರರ ಬಾಡಿಗೆ. ಬಯಲಿನ ಜೋಳಕ್ಕೆ ಒಳ್ಳೆಯದಿರಬಹುದು. ತೆಂಗಿನ ತೋಟದಲ್ಲಿ ಅದು ಗರಿಗೆ ಸ್ನಾನ ಮಾಡಿಸಿತು, ನೆಲದ ಕಳೆ ನೆನೆಯಲೇ ಇಲ್ಲ. ಎರಡು ಎಕರೆಗೆ ನಿಲ್ಲಿಸಿ ಕಳುಹಿಸಿಕೊಟ್ಟೆ.

ದಾರಿ ಹೊಳೆದದ್ದು ಹಾಳಾದ ಬ್ಯಾಟರಿ ಪಂಪನ್ನು ಬಿಚ್ಚಿದಾಗ. ಒಳಗಿರುವುದು ಅಂಗೈಯಗಲದ 12 ವೋಲ್ಟ್ ಡಯಾಫ್ರಮ್ ಪಂಪು. ಟ್ರ್ಯಾಕ್ಟರ್ ಬ್ಯಾಟರಿಯೂ 12 ವೋಲ್ಟ್. ಆ ಪಂಪು ಏರಿಸುವ ಒತ್ತಡವೇ ಕಡಿಮೆ, ನನಗೆ ಬೇಕಾದದ್ದೂ ಅದೇ. ನಿಮಿಷಕ್ಕೆ ನಾಲ್ಕು ಲೀಟರ್ ಕೊಡುತ್ತದೆ ಎಂದು ಅಂಗಡಿಯವನು ಹೇಳಿದ, ಬಕೆಟ್ಟಿನಲ್ಲಿ ಅಳೆದಾಗ ಮೂರು ಕಾಲು ಬಂತು. ಸಾಕು.

200 ಲೀಟರಿನ ನೀಲಿ ಡ್ರಮ್ಮು, ಹಿಂದೆ ಒಂದೂವರೆ ಅಂಗುಲದ ಕಬ್ಬಿಣದ ಕೋಲು, ಅದರಲ್ಲಿ ಅರ್ಧ ಮೀಟರಿಗೊಂದರಂತೆ ನಾಲ್ಕು ನಾಜಲ್. ಮೊದಲು ಹಾಕಿದ್ದು ಫ್ಲಡ್ ಜೆಟ್, ದಪ್ಪ ಹನಿಯದು. ಗ್ಲೈಫೋಸೇಟ್ ಎಂಬ ಕಳೆನಾಶಕಕ್ಕೆ ಅದು ಚೆನ್ನಾಗಿಯೇ ಇತ್ತು, ಆ ಔಷಧಿ ಎಲೆಯ ಒಂದು ಭಾಗಕ್ಕೆ ಬಿದ್ದರೂ ಒಳಗೆ ಇಳಿಯುತ್ತದೆ. ಆದರೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ ಮೂಲಕ ಮಾತ್ರ ಬಳಸಬೇಕೆಂದು ಆದೇಶ ಹೊರಡಿಸಿದ ಮೇಲೆ ನಾನು ಎಲೆ ಸುಡುವ ಸ್ಪರ್ಶ ಔಷಧಿಗೆ ಬಂದೆ. ಫ್ಲಡ್ ಜೆಟ್ ಅಲ್ಲಿ ಸೋತಿತು. ಹನಿ ಬಿದ್ದ ಕಡೆ ಮಾತ್ರ ಸುಟ್ಟು, ಉಳಿದ ಎಲೆ ಹತ್ತು ದಿನದಲ್ಲಿ ಚಿಗುರಿ ನನ್ನನ್ನು ಅಣಕಿಸಿತು. ಪಕ್ಕದವರು ಜೋರಾಗಿ ನಕ್ಕದ್ದು ಆ ಸಲವೇ. ನಾಲ್ಕನ್ನೂ ಬಿಚ್ಚಿ, ಬೀಸಣಿಗೆಯಂತೆ ಹರಡಿ ಚಿಮ್ಮುವ ಫ್ಲ್ಯಾಟ್ ಫ್ಯಾನ್ ನಾಜಲ್ ಹಾಕಿದೆ. ಈಗ ಒಂದೊಂದು ನಾಜಲ್ ನಿಮಿಷಕ್ಕೆ 700 ಮಿಲಿ ಕೊಡುತ್ತದೆ. ನಾಲ್ಕರ ಕೆಳಗೂ ಜಗ್ಗು ಹಿಡಿದು ನೋಡಿ, ಒಂದು ಮಾತ್ರ ಜಾಸ್ತಿ ಕೊಟ್ಟರೆ ಅದು ಸವೆದಿದೆ, ಎಸೆಯಿರಿ.

ಆ 12 ವೋಲ್ಟ್ ಪಂಪುಗಳ ಒಂದು ಕಾಟ ಹೇಳಲೇಬೇಕು. ನಾಜಲ್ ಕುಡಿಯುವುದಕ್ಕಿಂತ ಪಂಪು ಕೊಡುವುದು ಜಾಸ್ತಿಯಾದರೆ ಒಳಗಿನ ಒತ್ತಡದ ಸ್ವಿಚ್ಚು ಕ್ಷಣಕ್ಷಣಕ್ಕೂ ಬಿದ್ದು ಏಳುತ್ತದೆ, ಟಕ್ ಟಕ್ ಎನ್ನುತ್ತದೆ, ವಾರದಲ್ಲಿ ಸುಡುತ್ತದೆ. ನನ್ನ ಎರಡು ಪಂಪು ಹಾಗೆ ಹೋದವು, ಒಂದೊಂದಕ್ಕೆ 900. ಮದ್ದು ಇಷ್ಟೇ: ಪಂಪಿನ ಮುಂದೆ ಟಿ ಆಕಾರದ ಒಂದು ಜೋಡಣೆ ಹಾಕಿ, ವಾಲ್ವ್ ಇಟ್ಟು, ಹೆಚ್ಚಾದ ನೀರನ್ನು ಡ್ರಮ್ಮಿಗೇ ಹಿಂದಿರುಗಿಸಿ. ಔಷಧಿ ಕಲಕಿದಂತೆಯೂ ಆಗುತ್ತದೆ.

ನಾಜಲ್‌ಗಳ ಮೇಲೆ ಇನ್ನೊಂದು ನೀಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ ದೋಣಿ ಮಗುಚಿದಂತೆ ಮುಚ್ಚಿದ್ದೇನೆ, ಗಾಳಿಗೆ ಹಾರುವುದು ತೀರಾ ಕಡಿಮೆ. ನೆಲದಿಂದ ಅದರ ಎತ್ತರ, ಹಿಂದಿನ ಅಂಚಿಗೆ ಕಟ್ಟಿದ ರಬ್ಬರ್ ಎಷ್ಟು ಉದ್ದ, ನಾಜಲ್ ಎಷ್ಟು ಹಿಂದಕ್ಕೆ ಬಾಗಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಮುಂಗಾರು ಮಣ್ಣಿನಲ್ಲಿ ಕೂತು ಕಂಡುಕೊಂಡದ್ದು, ಬಂದು ನೋಡಿದವರಿಗೆ ತೋರಿಸುತ್ತೇನೆ.

ನೀರಿನ ವಿಷಯ ಮಾತ್ರ ಮುಚ್ಚಿಡುವುದಿಲ್ಲ. ಗಡಸು ನೀರು ಗ್ಲೈಫೋಸೇಟನ್ನು ಅರ್ಧ ಕೊಂದೇ ಬಿಡುತ್ತದೆ, ಕೆರೆಯ ಕೆಸರು ನೀರು ಇನ್ನೂ ಹಾಳು. ಗಡಸಿಗೆ ಮದ್ದು ಅಮೋನಿಯಂ ಸಲ್ಫೇಟ್ ಗೊಬ್ಬರ. ಅದನ್ನು ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಮೊದಲು ಡ್ರಮ್ಮಿಗೆ ಹಾಕಿ, ಔಷಧಿ ಆಮೇಲೆ. ನಾನು ಡ್ರಮ್ಮಿಗೆ ಮೂರು ನಾಲ್ಕು ಕೆಜಿ ಹಾಕುತ್ತೇನೆ. ಈಗಿನ ಸ್ಪರ್ಶ ಔಷಧಿಗೂ ಇದರಿಂದ ಗುಣ ಕಂಡಿದೆ. ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಅರ್ಧ ಬೆಳಗು ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕಾಗುತ್ತದೆ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಹೊಡೆದ ಜಾಗ ಕಾಣಲಿ ಎಂದು ಬಟ್ಟೆಗೆ ಹಾಕುವ ನೀಲಿ ಬೆರೆಸಿದೆ, ಹುಲ್ಲಿನ ಮೇಲೆ ಕಾಣಲೇ ಇಲ್ಲ, ನನ್ನ ಪಂಚೆ ಮಾತ್ರ ಬೆಳ್ಳಗಾಯಿತು. ಪಿವಿಸಿ ಪೈಪಿಗೆ ನೂಲಿನ ಹಗ್ಗ ಪೋಣಿಸಿ, ಹಗ್ಗದಲ್ಲಿ ಜಿನುಗುವ ಔಷಧಿಯನ್ನು ಎಲೆಗೆ ಸವರುವ ಕೋಲು ಮಾಡಿದೆ. ಅಡಿಕೆ ಸಸಿಯ ಬುಡದ ಉದ್ದ ಹುಲ್ಲಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ, ಖರ್ಚು 200 ರೂಪಾಯಿ ಒಳಗೆ. ಕುಳ್ಳಗಿನ ಕಳೆಗೆ ತಾಗುವುದಿಲ್ಲ. ಎರಡು ಎಕರೆಯಲ್ಲಿ ಸೆಣಬು ಬಿತ್ತಿದ್ದೇನೆ, ಅಲ್ಲಿ ಕಾಂಗ್ರೆಸ್ ಗಿಡ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಹಾಗೇ ಮುಂದುವರಿದರೆ ಸ್ಪ್ರೇಯರೇ ಬೇಡವಾಗಬಹುದು, ಆಗ ಈ ಬರಹ ಹರಿದು ಹಾಕುತ್ತೇನೆ.

ಈಗ ಹಣದ ಲೆಕ್ಕ, ನೆನಪಿನಿಂದ. ಡ್ರಮ್ಮುಗಳು, ಪಂಪು, ನಾಜಲ್, ಪೈಪು, ಸೋಸುಗ, ವೆಲ್ಡಿಂಗ್ ಎಲ್ಲ ಸೇರಿ 9,500. ಸುಟ್ಟ ಪಂಪುಗಳನ್ನು ಸೇರಿಸಿದರೆ ಹನ್ನೊಂದು ಸಾವಿರ ದಾಟುತ್ತದೆ. ನಿಧಾನದ ಗೇರಿನಲ್ಲಿ ಗಂಟೆಗೆ ನಾಲ್ಕು ಕಿಲೋಮೀಟರ್ ಓಡಿಸಿದರೆ, ಎರಡು ಸಾಲಿನ ನಡುವೆ ಒಟ್ಟು ಮೂರು ಸಲ ಹಾದರೆ, ಒಂದು ಡ್ರಮ್ಮು ತೋಟದ ಮೂರೂವರೆ ಎಕರೆಗೆ ಬರುತ್ತದೆ. ಮರದ ಪಾತಿಗೆ ಹೊಡೆಯುವುದಿಲ್ಲ, ಅಲ್ಲಿ ಗರಿ, ಸಿಪ್ಪೆ ಮುಚ್ಚಿದ್ದೇನೆ. ಒಟ್ಟು ಎಂಟು ಡ್ರಮ್ಮು. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ ಗಾಳಿ ಏಳುವ ಮುಂಚೆ ನಿಲ್ಲಿಸುತ್ತೇನೆ, ಅದಕ್ಕೇ ಮೂರು ಬೆಳಗು. ಡೀಸೆಲ್, ಹುಡುಗನ ಸಂಬಳ ಸೇರಿ ಸುತ್ತಿಗೆ 4,000 ಮೀರುವುದಿಲ್ಲ. ವರ್ಷಕ್ಕೆ ಎರಡು ಮೂರು ಸುತ್ತು. ಔಷಧಿಯ ಖರ್ಚಿನಲ್ಲಿ ಹೆಚ್ಚೇನೂ ಉಳಿಯಲಿಲ್ಲ, ಉಳಿದದ್ದು ಕೂಲಿ ಮತ್ತು ಮರ್ಯಾದೆ.

ಎಚ್‌ಟಿಪಿ ಪಂಪನ್ನು ಅಡಿಕೆ ಬೆಳೆಯುವ ನೆಂಟರೊಬ್ಬರಿಗೆ 22,000ಕ್ಕೆ ಕೊಟ್ಟೆ. ಅವರ ತೋಟದಲ್ಲಿ ಅದು ಸುಖವಾಗಿದೆ.

ಮೊನ್ನೆ ಪಕ್ಕದ ಯಜಮಾನರು ಟೇಪು ಹಿಡಿದು ಬಂದರು. "ನಿಮ್ಮ ಡ್ರಮ್ಮಿನ ಅಳತೆ ತೆಗೆದುಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ" ಎಂದರು. ಎತ್ತರವನ್ನೂ ರಬ್ಬರಿನ ಉದ್ದವನ್ನೂ ಬರೆದುಕೊಂಡರು. ನಾಜಲ್ ಬಾಗಿರುವುದನ್ನು ಅವರು ಗಮನಿಸಲಿಲ್ಲ, ನಾನೂ ಹೇಳಲಿಲ್ಲ. ತೊಗರಿಯ 8,000 ಇನ್ನೂ ನೆನಪಿದೆ.