ಅಕ್ಕನ ಮನೆಗೆ ಹೋದಾಗ ಮಾಂಟೆರೆಯಲ್ಲಿ ಒಂದು ಡೈವ್

ಸ್ಯಾನ್ ಹೋಸೆ ಕಡೆ ಮಗನ ಮನೆಗೋ ಅಕ್ಕನ ಮನೆಗೋ ಹೋಗುತ್ತಿದ್ದೀರಾ? ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ನೀರಿನಾಳಕ್ಕೆ ಇಳಿಯುವ ಡೈವಿಂಗ್) ಕಲಿತಿದ್ದರೆ ನಿಮ್ಮ ಸರ್ಟಿಫಿಕೇಟ್ ಕಾರ್ಡ್ ಜೊತೆಗಿಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ಮಾಂಟೆರೆ ಅಲ್ಲಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ.

ನೇತ್ರಾಣಿಯ ಬೆಚ್ಚಗಿನ ನೀರಿನಲ್ಲಿ ಕಲಿತವರು ಹುಷಾರಾಗಿರಬೇಕು. ಇಲ್ಲಿ ನೀರು ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಅಷ್ಟೇ. 7 ಮಿಲಿಮೀಟರ್ ದಪ್ಪದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರ್ ಉಡುಪು), ತಲೆಗೆ ಹುಡ್, ಗ್ಲೌಸ್, ಬೂಟ್ ಎಲ್ಲ ಬೇಕೇ ಬೇಕು. ಊರಿಂದ ಹೊತ್ತುಕೊಂಡು ಹೋಗಬೇಡಿ, ಅಲ್ಲೇ ಬಾಡಿಗೆಗೆ ಸಿಗುತ್ತವೆ. ದಪ್ಪ ಸೂಟ್ ಜಾಸ್ತಿ ತೇಲುತ್ತದೆ, ಹಾಗಾಗಿ ಸೊಂಟಕ್ಕೆ ಸೀಸದ ತೂಕವೂ ಜಾಸ್ತಿ ಬೇಕು. ದಡದ ಹತ್ತಿರವೇ ತೂಕ ಸರಿಯಾಗಿದೆಯಾ ನೋಡಿಕೊಳ್ಳಿ. ಮೊದಲ ಸಲ ಗೈಡ್ ಇಲ್ಲದೆ ಇಳಿಯಲೇಬೇಡಿ. ಫ್ಲಾಸ್ಕ್‌ನಲ್ಲಿ ಬೆಚ್ಚಗಿನ ನೀರು ಒಯ್ದು, ಎರಡನೇ ಡೈವ್‌ಗೆ ಮುಂಚೆ ಗ್ಲೌಸ್ ಒಳಗೆ ಸುರಿದುಕೊಳ್ಳಿ. ಎಷ್ಟು ಹಿತ ಅಂತೀರಾ!

ಮನೆಯವರನ್ನು ದಡದಲ್ಲಿ ಸುಮ್ನೆ ಕಾಯಿಸಬೇಡಿ. ನೀವು ಮಾಂಟೆರೆಯ ಸ್ಯಾನ್ ಕಾರ್ಲೋಸ್ ಬೀಚಿನಲ್ಲಿ ದಡದಿಂದಲೇ ನೀರಿಗೆ ಇಳಿಯಬಹುದು, ದೋಣಿ ಬೇಡ. ಮಾಂಟೆರೆ ಬೇ ಅಕ್ವೇರಿಯಂ ಅದೇ ಊರಲ್ಲಿದೆ, ಅವರನ್ನು ಅಲ್ಲಿಗೆ ಕಳಿಸಿ. ಅಲ್ಲಿನ ಮೂರು ಮಹಡಿ ಎತ್ತರದ ತೊಟ್ಟಿಯಲ್ಲಿ ಕೆಲ್ಪ್ ಎಂಬ ಎತ್ತರದ ಕಡಲಕಳೆಯ ಕಾಡು ಬೆಳೆಸಿದ್ದಾರೆ. ನೀವು ಸಮುದ್ರದಲ್ಲಿ ಈಜುವಂಥ ಕಾಡನ್ನೇ ಅಪ್ಪ ಅಮ್ಮ, ಮಕ್ಕಳು ಗಾಜಿನಾಚೆಯಿಂದ ನೋಡುತ್ತಾರೆ. ಬೆಳಿಗ್ಗೆ ಬೇಗ ಡೈವ್ ಮುಗಿಸಿದರೆ ಮಧ್ಯಾಹ್ನದ ಊಟ ಎಲ್ಲರ ಜೊತೆ.

ಡೈವನ್ನು ವಾಪಸ್ ಬರುವ ಹಿಂದಿನ ದಿನಕ್ಕೆ ಮಾತ್ರ ಇಟ್ಟುಕೊಳ್ಳಬೇಡಿ. ಎರಡು ಡೈವ್ ಮಾಡಿದರೆ ವಿಮಾನ ಹತ್ತಲು ಕನಿಷ್ಠ 18 ಗಂಟೆ ಬಿಡಬೇಕು. ಪ್ರವಾಸದ ಮೊದಲ ವಾರಾಂತ್ಯವೇ ಒಳ್ಳೆಯದು.