ಇಲ್ಲದ ರಾಜಧಾನಿಗೆ ಸುರಂಗ ಮೆಟ್ರೋ: ಮೊದಲು ಗುಡ್ಡ ಬರೆಯಿರಿ, ಆಮೇಲೆ ನಕ್ಷೆ

ಕಾಲ್ಪನಿಕ ಊರಿಗೆ ಮೆಟ್ರೋ ಬರೆಯಲು ಕೂತವರ ಕೈ ಮೊದಲು ಹೋಗುವುದು ಬಣ್ಣದ ಪೆನ್ನಿನ ಕಡೆಗೆ. ಕೆಂಪು, ಹಸಿರು, ನೀಲಿ ಮೂರು ಗೆರೆ, ಅವು ಸೇರುವಲ್ಲಿ ಒಂದು ದಪ್ಪ ಚುಕ್ಕೆ. ಬಯಲುಸೀಮೆಯ ಊರಿಗೆ ಇಷ್ಟರಲ್ಲೇ ಅರ್ಧ ಕೆಲಸ ಮುಗಿದೀತು. ಮಲೆನಾಡಿನಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹಳ್ಳ, ಒಂದು ದಿಬ್ಬ, ನಾಲ್ಕು ಅಡಿಕೆ ತೋಟ ಬರುತ್ತವೆ. ಮೇಲಿಂದ ನೋಡುವ ನಕ್ಷೆಯಲ್ಲಿ ಅವೆಲ್ಲ ಚಪ್ಪಟೆ. ಹಾಗಾಗಿ ಇಲ್ಲಿ ಮೊದಲು ಬರೆಯಬೇಕಾದ್ದು ಊರನ್ನು ಪಕ್ಕದಿಂದ ಕೊಯ್ದು ನೋಡಿದ ಚಿತ್ರ, ಅಂದರೆ ಉದ್ದಸೀಳು. ಅದು ಸರಿಯಿದ್ದರೆ ಉಳಿದದ್ದು ತಾನಾಗಿ ಕೂರುತ್ತದೆ. ತಪ್ಪಿದ್ದರೆ ಎಷ್ಟು ಚಂದದ ನಕ್ಷೆ ಬರೆದರೂ ರೈಲು ಗಾಳಿಯಲ್ಲಿ ಓಡುತ್ತಿರುತ್ತದೆ.

ಈ ಸೀಮೆಗೆ ರಾಜಧಾನಿ ಹೊಸದೇನಲ್ಲ. ಕೆಳದಿ, ಇಕ್ಕೇರಿ, ಬಿದನೂರು ಎಂದು ಒಂದೇ ನಾಯಕ ಮನೆತನ ಮೂರು ಕಡೆ ಗದ್ದುಗೆ ಹಾಕಿತ್ತು. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರದೆ ಬೆಳೆಯುತ್ತಲೇ ಹೋಗಿದ್ದರೆ ಏನಾಗುತ್ತಿತ್ತು ಎಂಬ ಊಹೆಯಿಂದ ಕತೆಯನ್ನೋ ಕಾಮಿಕ್ಸನ್ನೋ ಗೇಮನ್ನೋ ಶುರು ಮಾಡಬಹುದು. ಈ ಬರಹಕ್ಕೆ ‘ನೀರ್ಕೋಡು’ ಎಂಬ ಇಲ್ಲದ ಊರನ್ನು ಇಟ್ಟುಕೊಂಡಿದ್ದೇವೆ: ನಡುವೆ ಹೊಳೆ, ಎರಡೂ ಕಡೆ ಗುಡ್ಡ. ಜನಸಂಖ್ಯೆಯಲ್ಲಿ ಕಂಜೂಸಿ ಮಾಡಬೇಡಿ. 2011ರ ಜನಗಣತಿಯಲ್ಲಿ ಶಿವಮೊಗ್ಗ ನಗರಕ್ಕೆ ಇದ್ದದ್ದು ಸುಮಾರು 3.22 ಲಕ್ಷ ಜನ. ಅಷ್ಟು ಜನರಿಗಾಗಿ ಸುರಂಗ ಕೊರೆದರೆ ಯಾವ ಓದುಗನೂ ನಂಬುವುದಿಲ್ಲ. 25 ಲಕ್ಷ ಇಡಿ.

ನೆಲದ ಎತ್ತರ ಎಲ್ಲಿಂದ ತರುವುದು? ನಿಜವಾದ ಕಣಿವೆಯೊಂದನ್ನು ಎರವಲು ಪಡೆಯುವುದೇ ಸುಲಭ. ಸರ್ವೆ ಆಫ್ ಇಂಡಿಯಾದ 1:50,000 ಹಾಳೆಗಳಲ್ಲಿ ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, ಇರುತ್ತವೆ. ಕಂಪ್ಯೂಟರಿನಲ್ಲಾದರೆ ಎಸ್‌ಆರ್‌ಟಿಎಂ ಎಂಬ ಎತ್ತರದ ದತ್ತಾಂಶವನ್ನು ಇಳಿಸಿಕೊಂಡು ನಕ್ಷೆಯ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ತೆರೆದರಾಯಿತು. ಆದರೆ ಮಲೆನಾಡಿನವರಿಗೆ ಅದರಲ್ಲೊಂದು ಗುಂಡಿ ಕಾದಿದೆ. ಆ ಎತ್ತರಗಳನ್ನು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದದ್ದು. ದಟ್ಟ ಕಾಡಿರುವಲ್ಲಿ ಆ ಅಲೆಗಳು ಬಹುಪಾಲು ಮರದ ಹಂದರಕ್ಕೇ ಬಡಿದು ಹಿಂದಿರುಗಿವೆ, ನೆಲದವರೆಗೆ ಇಳಿದಿಲ್ಲ. ಕಾಡಿನ ಅಂಚು ಮುಗಿದು ಗದ್ದೆ ಶುರುವಾಗುವಲ್ಲಿ ನಿಮ್ಮ ಸೀಳಿನಲ್ಲಿ ಹತ್ತು ಹದಿನೈದು ಮೀಟರಿನ ಗೋಡೆ ಎದ್ದು ನಿಂತರೆ ಅದು ದರೆಯಲ್ಲ, ಮರ. ಕೈಯಿಂದ ಸವರಿ ತೆಗೆಯಿರಿ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ 1 ಸೆಂ.ಮೀ. ಎಂದರೆ 100 ಮೀಟರ್, ಉದ್ದಕ್ಕೆ 1 ಸೆಂ.ಮೀ. ಎಂದರೆ 10 ಮೀಟರ್ ಎಂದು ಹಿಡಿಯಿರಿ. ಎತ್ತರ ಹತ್ತು ಪಟ್ಟು ಹಿಗ್ಗುತ್ತದೆ, ಗುಡ್ಡ ಕಣ್ಣಿಗೆ ಹೊಡೆಯುತ್ತದೆ. ಉಕ್ಕಿನ ಚಕ್ರದ ಮೆಟ್ರೋ ಆರಾಮಾಗಿ ಹತ್ತುವ ಏರು ಶೇ. 3. ಶೇ. 4 ದಾಟಿದರೆ ಒದ್ದೆ ಹಳಿಯ ಮೇಲೆ ಚಕ್ರ ಜಾರುವ ಭಯ ಹೆಚ್ಚು, ಬ್ರೇಕಿಗೂ ಹಿಡಿತ ಕಡಿಮೆ. ಈ ಹಾಳೆಯಲ್ಲಿ ಶೇ. 3 ಎಂದರೆ 10 ಸೆಂ.ಮೀ. ಮುಂದೆ ಹೋಗಿ 3 ಸೆಂ.ಮೀ. ಮೇಲೇರುವ ಗೆರೆ. ರಟ್ಟಿನಲ್ಲಿ ಅದೇ ಅಳತೆಯ ತ್ರಿಕೋನ ಕತ್ತರಿಸಿ ಇಟ್ಟುಕೊಳ್ಳಿ, ದಿನವಿಡೀ ಬೇಕಾಗುತ್ತದೆ.

ನೀರ್ಕೋಡಿನ ಒಂದು ತುಣುಕನ್ನು ಲೆಕ್ಕ ಹಾಕಿ ನೋಡೋಣ. ಹೊಳೆದಂಡೆಯ ನೆಲ ಸಮುದ್ರಮಟ್ಟದಿಂದ 570 ಮೀ., ಹೊಳೆಯ ತಳ 560. ಸುರಂಗದ ನೆತ್ತಿಗೂ ಹೊಳೆಯ ತಳಕ್ಕೂ ನಡುವೆ ಕನಿಷ್ಠ ಒಂದು ಸುರಂಗದ ಅಗಲದಷ್ಟಾದರೂ, ಅಂದರೆ 7 ಮೀಟರ್ ನೆಲ ಉಳಿಯಬೇಕು. ನೆತ್ತಿ 553ಕ್ಕೆ ಬಂತು. ಒಳವ್ಯಾಸ 5.8 ಮೀಟರಿನ ಕೊಳವೆಯಲ್ಲಿ ಹಳಿ ಇರುವುದು ನೆತ್ತಿಯಿಂದ ಸುಮಾರು 5 ಮೀ. ಕೆಳಗೆ, ಅಂದರೆ 548ಕ್ಕೆ. ದಂಡೆಯ ನಿಲ್ದಾಣದ ಹಳಿಯನ್ನು ಅದಕ್ಕಿಂತ ಎರಡು ಮೀಟರ್ ಮೇಲೆ, 550ಕ್ಕೆ ಇಡಿ. ಆಗ ಒಸರು ನೀರೆಲ್ಲ ಹೊಳೆಯ ಕೆಳಗಿನ ತಗ್ಗಿಗೆ ಹರಿದು ಅಲ್ಲಿನ ಪಂಪು ಗುಂಡಿಗೆ ಸೇರುತ್ತದೆ, ಪ್ಲಾಟ್‌ಫಾರ್ಮ್ ಪಕ್ಕ ನಿಲ್ಲುವುದಿಲ್ಲ. ಹಾಗೆ ಈ ನಿಲ್ದಾಣದ ಆಳ 20 ಮೀ.

ಮುಂದಿನ ನಿಲ್ದಾಣ 1.4 ಕಿ.ಮೀ. ದೂರದ ಗುಡ್ಡದ ನೆತ್ತಿಯಲ್ಲಿ. ಅಲ್ಲಿನ ನೆಲ 640. ನೇರ ಎಳೆದರೆ ನೆಲದ ಏರೇ ಶೇ. 5, ರೈಲು ಹತ್ತುವುದಿಲ್ಲ. ಎರಡೂ ತುದಿಯಲ್ಲಿ ಅರ್ಧರ್ಧ ಪ್ಲಾಟ್‌ಫಾರ್ಮ್ ಸಮತಟ್ಟಾಗಿರಬೇಕು, ಏರು ಶುರುವಾಗುವಲ್ಲೂ ಮುಗಿಯುವಲ್ಲೂ ಹಳಿ ನಿಧಾನಕ್ಕೆ ಬಾಗಬೇಕು. ಇಷ್ಟನ್ನು ಕಳೆದರೆ ಏರಲು ಉಳಿಯುವುದು ಸುಮಾರು 1,200 ಮೀ. ಶೇ. 3ರಂತೆ 36 ಮೀ. ಏರಿದರೆ ಹಳಿ 586ಕ್ಕೆ ಬಂತು. ಗುಡ್ಡದ ನಿಲ್ದಾಣ 54 ಮೀ. ಆಳ! 30 ಡಿಗ್ರಿ ಓರೆಯ ಎಸ್ಕಲೇಟರ್ ಹಾಕಿದರೆ ಅದರ ಉದ್ದ 108 ಮೀ. ಸೆಕೆಂಡಿಗೆ 0.65 ಮೀಟರ್ ವೇಗದಲ್ಲಿ ನಿಂತೇ ಹೋದರೆ ಎರಡು ಮುಕ್ಕಾಲು ನಿಮಿಷ. ಕತೆ ಬರೆಯುವವರಿಗೆ ಇದು ಬಂಗಾರ: ಇಬ್ಬರು ಎದುರುಬದುರಾಗಿ ಒಬ್ಬರನ್ನೊಬ್ಬರು ನೋಡುತ್ತ ಹಾಯಬಹುದಾದ ಜಾಗ ಇದಕ್ಕಿಂತ ಬೇರೆ ಬೇಕೆ? ಇದು ಅತಿಯಾಯಿತು ಅನ್ನಿಸಿದರೆ ಕೀವ್ ನಗರದ ಆರ್ಸೆನಾಲ್ನಾ ನಿಲ್ದಾಣವನ್ನು ನೆನಪಿಸಿಕೊಳ್ಳಿ. 1960ರಲ್ಲಿ ತೆರೆದ ಅದರ ಆಳ 105.5 ಮೀ. ಕಾರಣ ಇದೇ. ನೀಪರ್ ನದಿಯ ಕಡಿದಾದ ದಂಡೆಯ ಮೇಲೆ ನಿಲ್ದಾಣ, ರೈಲು ಮಾತ್ರ ಕೆಳಗೆ ಹೊಳೆಯ ಕಡೆಗೆ ಹೊರಬರಬೇಕು.

ಗುಡ್ಡ ಕೊಡುವ ಒಂದು ಉಪಕಾರವನ್ನು ಬಿಡಬೇಡಿ. ನೆತ್ತಿಯಿಂದ ಇಳಿಯುವ ಬದಲು ಪಕ್ಕದ ಇಳಿಜಾರಿನಿಂದ ಒಳಹೊಗಬಹುದು. ಹಳಿಗಿಂತ 6 ಮೀ. ಮೇಲೆ, 592ರ ಮಟ್ಟದಲ್ಲಿ ಟಿಕೆಟ್ ಅಂಗಳ ಇದೆ ಎಂದುಕೊಳ್ಳಿ. ಗುಡ್ಡದ ಓರೆಯಲ್ಲಿ ಅದೇ 592ರ ರೇಖೆ ಎಲ್ಲಿ ಹಾಯುತ್ತದೋ ಅಲ್ಲಿಂದ ಮಟ್ಟಸವಾದ ದಾರಿ ಕೊರೆದರೆ ಪೇಟೆಯ ಜನ ಮೆಟ್ಟಿಲೇ ಇಲ್ಲದೆ ನಡೆದು ಬರುತ್ತಾರೆ. ನೆತ್ತಿಯವರಿಗೆ ಲಿಫ್ಟ್. ಇನ್ನೂ ಕಡಿದಾದ ಊರು ಬೇಕಾದರೆ ರೈಲನ್ನೇ ಬದಲಿಸಿ: ಸ್ವಿಟ್ಜರ್ಲೆಂಡಿನ ಲೋಸಾನ್‌ನ ಎಂ2 ಮಾರ್ಗ ರಬ್ಬರ್ ಚಕ್ರದ ಮೇಲೆ ಶೇ. 12ರ ಏರು ಹತ್ತುತ್ತದೆ. ಇಸ್ರೇಲಿನ ಹೈಫಾದ ಕಾರ್ಮೆಲಿತ್ ಹಗ್ಗ ಎಳೆಯುವ ಸುರಂಗ ರೈಲು, 1.8 ಕಿ.ಮೀ.ಗೆ ಆರು ನಿಲ್ದಾಣ.

ತಿರುವಿನ ಲೆಕ್ಕ ಸುಲಭ. 300 ಮೀಟರ್ ತ್ರಿಜ್ಯಕ್ಕಿಂತ ಬಿಗಿಯಾದ ತಿರುವು ಬೇಡ. ಅದಕ್ಕೂ ಬಿಗಿಯಾದರೆ ಚಕ್ರ ಕಿರುಗುಟ್ಟುತ್ತದೆ, ಹಳಿಯ ಬದಿ ಸವೆಯುತ್ತದೆ. 1:10,000ದ ನಕ್ಷೆಯಲ್ಲಿ ಅದು 6 ಸೆಂ.ಮೀ. ಅಗಲದ ಡಬ್ಬಿಯ ಮುಚ್ಚಳ. ನಿಲ್ದಾಣಗಳನ್ನು ಮಾತ್ರ ನೇರ ತುಣುಕಿನಲ್ಲೇ ಇಡಿ, ಇಲ್ಲವಾದರೆ ಬೋಗಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಸಂದು ಬೀಳುತ್ತದೆ.

ಇನ್ನು ಮಣ್ಣು. ಹೆಚ್ಚಿನವರು ಸೀಳಿನಲ್ಲಿ ಹಳಿಯ ಗೆರೆ ಎಳೆದು ಕೈ ತೊಳೆದುಕೊಳ್ಳುತ್ತಾರೆ, ಸುತ್ತ ಏನಿದೆ ಎಂದು ಬರೆಯುವುದಿಲ್ಲ. ಮಲೆನಾಡಿನ ಗುಡ್ಡವನ್ನು ಮೇಲಿಂದ ಕೆಳಕ್ಕೆ ಮೂರು ಪದರವಾಗಿ ಬಣ್ಣ ಹಚ್ಚಿ. ಮೇಲೆ ಜಂಬಿಟ್ಟಿಗೆ: ಗಟ್ಟಿ ಟೊಪ್ಪಿಗೆ, ತುಂಬ ತೂತು, ಮಳೆನೀರನ್ನು ಕುಡಿದು ಕೆಳಕ್ಕೆ ಬಿಡುತ್ತದೆ. ಅದರಡಿ ಶೇಡಿಮಣ್ಣು: ಒಣಗಿದಾಗ ಕೊಯ್ದರೆ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಅಂಬಲಿ. ಮಳೆಗಾಲದಲ್ಲಿ ರಸ್ತೆ ಪಕ್ಕದ ದರೆ ಜರಿದಾಗ ಕೆಂಪಿನ ಕೆಳಗೆ ಕಾಣುವ ಬಿಳಿ, ಹಳದಿ, ನಸುಗೆಂಪು ಪಟ್ಟೆ ಇದೇ. ಅದಕ್ಕೂ ಕೆಳಗೆ ನೈಸ್ ಎಂಬ ಪಟ್ಟೆಕಲ್ಲಿನ ಅಥವಾ ಗ್ರಾನೈಟಿನ ಹಾಸುಬಂಡೆ. ಪದರಗಳ ದಪ್ಪ ಒಂದೇ ಸಮ ಇರದಿರಲಿ, ಗುಡ್ಡದ ನೆತ್ತಿಯಲ್ಲಿ ದಪ್ಪ, ಹೊಳೆಯ ಬಳಿ ತೆಳು.

ಸುರಂಗ ಪೂರ್ತಿ ಬಂಡೆಯೊಳಗೆ ಹೋದರೆ ನಿಧಾನ, ಆದರೆ ನೆಮ್ಮದಿ. ವಾರಾಹಿಯ ವಿದ್ಯುದಾಗಾರವನ್ನು ನೆಲದಡಿಯ ಬಂಡೆಯೊಳಗೇ ಕಟ್ಟಿದ್ದು ಹಾಗೆ. ಪೂರ್ತಿ ಮಣ್ಣಿನಲ್ಲಿ ಹೋದರೆ ಟಿಬಿಎಂ, ಅಂದರೆ ಸುರಂಗ ಕೊರೆಯುವ ಯಂತ್ರ, ತನ್ನ ಮುಂದಿನ ಕೋಣೆಯಲ್ಲಿ ಮಣ್ಣನ್ನೇ ತುಂಬಿಸಿ ಒತ್ತಡ ಹಿಡಿದು ಸಾಗುತ್ತದೆ. ಎಡವಟ್ಟಾಗುವುದು ಎರಡೂ ಒಟ್ಟಿಗೆ ಸಿಕ್ಕಾಗ: ಯಂತ್ರದ ಮುಖದ ಕೆಳಗಿನರ್ಧ ಬಂಡೆ, ಮೇಲಿನರ್ಧ ಶೇಡಿ. ಬಂಡೆ ಕೊರೆಯಲು ನಿಧಾನ ಮಾಡಿದಷ್ಟೂ ಮೇಲಿನ ಮೆತ್ತನೆ ಮಣ್ಣು ಲೆಕ್ಕಕ್ಕಿಂತ ಹೆಚ್ಚು ಒಳಕ್ಕೆ ಸುರಿಯುತ್ತದೆ, ಮೇಲೆ ಯಾರದೋ ಅಂಗಳದಲ್ಲಿ ಗುಂಡಿ ಬೀಳುತ್ತದೆ. ಕತ್ತರಿಸುವ ಉಕ್ಕಿನ ಬಿಲ್ಲೆಗಳು ಮಣ್ಣಿನಿಂದ ಬಂಡೆಗೆ ಬಡಿದು ಬಡಿದು ಒಡೆಯುತ್ತವೆ. ಕೋಲ್ಕತ್ತದ ಬೌಬಜಾರಿನಲ್ಲಿ 2019ರ ಆಗಸ್ಟ್ ಕೊನೆಗೆ ಯಂತ್ರ ನೀರಿನ ಪದರಕ್ಕೆ ತಾಗಿ ಮೇಲಿನ ಮನೆಗಳು ಕುಸಿದವು. ಕತೆಗೆ ಅವಘಡ ಬೇಕಿದ್ದರೆ ಸೀಳಿನಲ್ಲಿ ಈ ಬೆರಕೆ ಜಾಗ ಹುಡುಕಿ, ಬೇರೆಲ್ಲೂ ಸುಮ್ಮನೆ ಕುಸಿಸಬೇಡಿ. ಅಂದಹಾಗೆ, ಬೆಂಗಳೂರಿನ ಗುಲಾಬಿ ಮಾರ್ಗ ಕೊರೆದ ಯಂತ್ರಗಳಲ್ಲಿ ತುಂಗಾ, ಭದ್ರಾ, ವರದಾ ಎಂಬ ಹೆಸರಿನವೂ ಇದ್ದವು. ನಮ್ಮ ಹೊಳೆಗಳು ಅಲ್ಲಿ ಬಂಡೆ ಕೊರೆದಿವೆ, ನಿಮ್ಮ ಯಂತ್ರಕ್ಕೂ ಒಂದು ಹಳ್ಳದ ಹೆಸರಿಡಿ.

ಕೊರೆದ ಮಣ್ಣು ಎಲ್ಲಿಗೆ? 6.6 ಮೀ. ವ್ಯಾಸದ ಯಂತ್ರ ಒಂದು ಕಿ.ಮೀ. ಸಾಗಿದರೆ ಸುಮಾರು 34,000 ಘನ ಮೀಟರ್. ಅಗೆದದ್ದು ಉಬ್ಬುತ್ತದೆ, ಒಂದೂವರೆ ಪಟ್ಟು ಹಿಡಿದರೆ 51,000. ಹೋಗಲೊಂದು ಬರಲೊಂದು ಕೊಳವೆ ಸೇರಿ ಕಿ.ಮೀ.ಗೆ ಒಂದು ಲಕ್ಷ ಘನ ಮೀಟರ್, ಅಂದರೆ 10 ಘನ ಮೀಟರಿನ ಟಿಪ್ಪರಿಗೆ ಹತ್ತು ಸಾವಿರ ಲೋಡು. ಇದನ್ನು ಕಣಿವೆಗೆ ಸುರಿದರೆ ಆರಿದ್ರಾ ಮಳೆಗೇ ಕೆಳಗಿನ ತೋಟಕ್ಕೆ ಇಳಿಯುತ್ತದೆ. ನಿಮ್ಮ ಊರಿನ ರಾಜಕೀಯ, ತಕರಾರು, ಕೋರ್ಟು ಕಚೇರಿ ಎಲ್ಲ ಇಲ್ಲಿಂದಲೇ ಹುಟ್ಟಬಹುದು.

ಮಳೆಗೆ ನಿಲ್ದಾಣದ ಬಾಯಿಯನ್ನು ಬಿಟ್ಟುಕೊಡಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುತ್ತದೆ. 6 ಮೀ. ಅಗಲ, 10 ಮೀ. ಉದ್ದದ ಮೆಟ್ಟಿಲ ಬಾಯಿ ತೆರೆದಿದ್ದರೆ ಗಂಟೆಗೆ 100 ಮಿ.ಮೀ. ಮಳೆಯಲ್ಲಿ 6,000 ಲೀಟರ್ ನೇರ ಒಳಕ್ಕೆ, ರಸ್ತೆಯಿಂದ ಹರಿದು ಬರುವುದು ಬೇರೆ. ಆದ್ದರಿಂದ ಮೊದಲು ನಾಲ್ಕು ಮೆಟ್ಟಿಲು ಮೇಲಕ್ಕೆ, ಆಮೇಲೆ ಕೆಳಕ್ಕೆ. ಮೇಲೆ ಉದ್ದ ಚಾಚಿದ ಇಳಿಮಾಡು, ಯಾಕೆಂದರೆ ಇಲ್ಲಿ ಮಳೆ ನೆಟ್ಟಗೆ ಬೀಳುವುದು ಕಡಿಮೆ, ಇರಿಚಲು ಜಾಸ್ತಿ. ಗಾಳಿಕಂಡಿಗಳ ಜಾಲರಿ ನೆಲಮಟ್ಟದಲ್ಲಿ ಬೇಡ, ಎರಡು ಮೀಟರ್ ಎತ್ತರದ ಗೋಪುರ ಕಟ್ಟಿ.

ಕರೆಂಟು ಎರಡು ಬೇರೆ ಬೇರೆ ಕಡೆಯಿಂದ ಬರಲಿ. ಶರಾವತಿ ಪಕ್ಕದಲ್ಲೇ ಇದ್ದರೂ ಲೈನಿನ ಮೇಲೆ ಮರ ಬಿದ್ದರೆ ಕತ್ತಲೆಯೇ. ಬೆಂಗಳೂರಿನ ‘ನಮ್ಮ ಮೆಟ್ರೋ’ದಂತೆ 750 ವೋಲ್ಟಿನ ಮೂರನೇ ಹಳಿ ಇಟ್ಟರೆ ತಲೆಯ ಮೇಲೆ ತಂತಿ ಬೇಡ, ಸುರಂಗ ಸಣ್ಣದಾಗುತ್ತದೆ.

ರೈಲು ಎಷ್ಟು ಬೇಕು? 16 ಕಿ.ಮೀ. ಮಾರ್ಗ, ನಿಲ್ಲುವುದೂ ಸೇರಿ ಗಂಟೆಗೆ 33 ಕಿ.ಮೀ. ಸರಾಸರಿ ಎಂದರೆ ಒಂದು ಕಡೆಗೆ 29 ನಿಮಿಷ. ತುದಿಗಳಲ್ಲಿ ತಿರುಗಲು ನಾಲ್ಕು ನಾಲ್ಕು ನಿಮಿಷ ಸೇರಿಸಿ, ಒಂದು ಸುತ್ತಿಗೆ 66 ನಿಮಿಷ. ಐದು ನಿಮಿಷಕ್ಕೊಂದು ರೈಲಿಗೆ 14, ರಿಪೇರಿಗೆ ಎರಡು, ಒಟ್ಟು 16. ಆರು ಬೋಗಿಯ ರೈಲು ಸುಮಾರು 130 ಮೀ. ಉದ್ದ. ಹದಿನಾರನ್ನೂ ರಾತ್ರಿ ನಿಲ್ಲಿಸಿ ತೊಳೆದು ರಿಪೇರಿ ಮಾಡಲು 600 ಮೀ. ಉದ್ದ, 150 ಮೀ. ಅಗಲದ ಸಮತಟ್ಟು ಜಾಗ, ಅಂದರೆ 22 ಎಕರೆ ಬೇಕು. ಮಲೆನಾಡಿನಲ್ಲಿ ಸಮತಟ್ಟು ಎಂದರೆ ಗದ್ದೆಬೈಲು, ಬೈಲೆಂದರೆ ಮಳೆಗಾಲದಲ್ಲಿ ನೀರು. ಡಿಪೋ ಎಲ್ಲಿ ಎಂಬುದನ್ನು ಕೊನೆಗೆ ಬಿಟ್ಟವರು ನಕ್ಷೆಯನ್ನೇ ಹರಿದು ಮತ್ತೆ ಬರೆಯಬೇಕಾಗುತ್ತದೆ.

ಹೆಸರಿಡುವಾಗ ಸೀಳನ್ನು ಎದುರಿಗೆ ಇಟ್ಟುಕೊಳ್ಳಿ. ಇಲ್ಲಿನ ಊರ ಹೆಸರಿನ ಬಾಲದಲ್ಲೇ ನೆಲದ ಎತ್ತರ ಇದೆ. ಬೈಲು ತಗ್ಗಿನದು, ಮಕ್ಕಿ ಅದಕ್ಕಿಂತ ಮೇಲಿನ ಮಳೆಯಾಶ್ರಿತ ಗದ್ದೆ, ಹಕ್ಕಲು ಇನ್ನೂ ಮೇಲಿನ ಒಣನೆಲ, ಕೋಡು ಗುಡ್ಡದ ತುದಿ. 54 ಮೀ. ಆಳದ ನಿಲ್ದಾಣಕ್ಕೆ ‘ಹೊಸಬೈಲು’ ಎಂದು ಹೆಸರಿಟ್ಟರೆ ತೀರ್ಥಹಳ್ಳಿ ಕಡೆಯ ಓದುಗ ನಗುತ್ತಾನೆ.

ಕೊನೆಗೆ ಬಣ್ಣದ ನಕ್ಷೆ. 1933ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಹ್ಯಾರಿ ಬೆಕ್‌ನ ನಕ್ಷೆಯಿಂದ ಬಂದ ಪದ್ಧತಿ ಎಲ್ಲರಿಗೂ ಗೊತ್ತು: ಅಡ್ಡ, ಉದ್ದ, 45 ಡಿಗ್ರಿ ಓರೆ, ಅಷ್ಟೇ. ಗೆರೆಗೆ ಅದು ಸರಿ, ಅಕ್ಷರಕ್ಕೆ ಅಲ್ಲ. ಕನ್ನಡದ ಹೆಸರನ್ನು ಓರೆಯಾಗಿ ಬರೆದರೆ ಒತ್ತಕ್ಷರ ಪಕ್ಕದ ಹೆಸರಿನ ತಲೆಕಟ್ಟಿಗೆ ಗುದ್ದುತ್ತದೆ. ‘ಬ್ರಹ್ಮೇಶ್ವರ ಕಟ್ಟೆ’ ಎಂದು ಬರೆದು ನೋಡಿ, ಸಾಲಿನ ಕೆಳಗೆ ನಾಲ್ಕು ಒತ್ತು ನೇತಾಡುತ್ತವೆ. ಎಲ್ಲ ಹೆಸರನ್ನೂ ಅಡ್ಡಕ್ಕೇ ಬರೆಯಿರಿ, ಎರಡು ಸಾಲಿನ ಹೆಸರಾದರೆ ನಡುವೆ ಅಕ್ಷರದ ಎತ್ತರದ ಸುಮಾರು ಎರಡು ಪಟ್ಟು ಜಾಗ ಬಿಡಿ, ಮಾರ್ಗದ ಗೆರೆ ಹೆಸರಿನ ಕೆಳಗೆ ಹಾಯುವಲ್ಲಿ ಇನ್ನಷ್ಟು. ಹೊಳೆಯನ್ನು ಮಾತ್ರ ಅಳಿಸಬೇಡಿ, ಅದಿಲ್ಲದೆ ಊರಿನ ಆಚೆ ಈಚೆ ತಿಳಿಯುವುದಿಲ್ಲ.

ರೈಲಿನೊಳಗಿನ ಧ್ವನಿಯನ್ನೂ ಬರೆಯುವುದಾದರೆ ಬಾಗಿಲು ಯಾವ ಕಡೆ ಎಂದು ಸೀಳಿನಲ್ಲಿಯೇ ಗುರುತು ಹಾಕಿಡಿ. ನಮ್ಮಲ್ಲಿ ರೈಲು ಎಡಗಡೆ ಹೋಗುತ್ತದೆ. ಆಳದ ನಿಲ್ದಾಣಗಳಲ್ಲಿ ಎರಡು ಕೊಳವೆಗಳ ನಡುವೆ ಒಂದೇ ಪ್ಲಾಟ್‌ಫಾರ್ಮ್ ಇದ್ದರೆ ಬಾಗಿಲು ಬಲಕ್ಕೆ ತೆರೆಯುತ್ತದೆ, ಹಳಿಗಳ ಎರಡೂ ಹೊರಬದಿಯಲ್ಲಿ ಪ್ಲಾಟ್‌ಫಾರ್ಮ್ ಇದ್ದರೆ ಎಡಕ್ಕೆ.